ಮನೆಯೊಳಗಿನ ಗಿಡಕ್ಕೆ ಎಲ್‌ಇಡಿ ಬೆಳಕು: ಕೊಳ್ಳುವ ಮುನ್ನ ಒಂದು ಲೆಕ್ಕಾಚಾರ

ಹೊರನಾಡಿನ ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಅಂಗಳವಿಲ್ಲದಿದ್ದರೂ ತುಳಸಿ ಇದ್ದೇ ಇರುತ್ತದೆ. ಅಡುಗೆಮನೆಯ ಕಿಟಕಿಯಲ್ಲಿ, ಕಬ್ಬಿಣದ ಸರಳುಗಳ ನಡುವೆ, ಪುಟ್ಟ ಕುಂಡದಲ್ಲಿಯಾದರೂ ಒಂದು ಗಿಡ ನಿಂತಿರುತ್ತದೆ. ಅದರ ಪಕ್ಕದಲ್ಲಿ ಕರಿಬೇವು, ಸ್ವಲ್ಪ ಜಾಗವಿದ್ದರೆ ದೊಡ್ಡಪತ್ರೆ. ಮುಂಬಯಿಯ ಉಪನಗರವೊಂದರಲ್ಲಿರುವ ನಮ್ಮ ಮನೆಯಲ್ಲಿಯೂ ಈ ಪದ್ಧತಿ ಮೂವತ್ತು ವರ್ಷಗಳಿಂದ ನಿರಾತಂಕವಾಗಿ ನಡೆದುಬಂದಿತ್ತು. ಎದುರಿನ ನಾಲ್ಕು ಮಹಡಿಯ ಹಳೆಯ ಕಟ್ಟಡವನ್ನು ಕೆಡವಿ ಅದೇ ಜಾಗದಲ್ಲಿ ಗಗನಚುಂಬಿ ಗೋಪುರವೊಂದು ಎದ್ದು ನಿಂತ ಮೇಲೆ ಕಿಟಕಿಗೆ ಬರುತ್ತಿದ್ದ ಬಿಸಿಲು ನಿಂತುಹೋಯಿತು. ಅನಂತರದ ಮೂರು ವರ್ಷಗಳಲ್ಲಿ ನಾವು ನಾಲ್ಕು ತುಳಸಿ ಗಿಡಗಳನ್ನು ಕಳೆದುಕೊಂಡೆವು.

ಎಂಬತ್ತನಾಲ್ಕರ ವಯಸ್ಸಿನ ನಮ್ಮ ತಾಯಿಯವರಿಗೆ ಮಹಡಿ ಇಳಿದು ಹೋಗುವುದು ಸಾಧ್ಯವಿಲ್ಲ. ಹೊನ್ನಾವರದ ಕಡೆಯ ತಮ್ಮ ಊರಿನಿಂದ ತಂದ ಕದಿರಿನ ಬೀಜದಿಂದಲೇ ಪ್ರತಿ ಬಾರಿಯೂ ಹೊಸ ಗಿಡವನ್ನು ಎಬ್ಬಿಸಿಕೊಂಡು ಬಂದವರು ಅವರು. ನಾಲ್ಕನೆಯ ಗಿಡ ಒಣಗಿದಾಗ ಬೀಜದ ಪೊಟ್ಟಣದಲ್ಲಿ ಉಳಿದಿದ್ದುದು ಒಂದು ಚಿಟಿಕೆ ಮಾತ್ರ. ಹೀಗಾಗಿ ಬ್ಯಾಂಕಿನ ಲೆಕ್ಕಪತ್ರಗಳ ಹೊರತು ಬೇರೇನೂ ಅರಿಯದ ನಾವು ಈ ಗಿಡಬೆಳಕಿನ ವಿಷಯವನ್ನು ಅಭ್ಯಸಿಸಬೇಕಾಯಿತು. ಇದೇ ಬಗೆಯ ತೊಂದರೆಯನ್ನು ಪುಣೆ, ಚೆನ್ನೈ, ದೆಹಲಿಗಳ ಬಂಧುಮಿತ್ರರೂ ಹೇಳಿಕೊಳ್ಳುತ್ತಿರುವುದರಿಂದ, ತಿಳಿದುಬಂದ ಸಂಗತಿಗಳನ್ನು ಓದುಗರ ಅವಗಾಹನೆಗಾಗಿ ಇಲ್ಲಿ ನೀಡುತ್ತಿದ್ದೇವೆ.

ಮೊದಲು ತಿಳಿಯಬೇಕಾದುದು ಇಷ್ಟು: ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣು ವಿಶ್ವಾಸಾರ್ಹ ಸಾಕ್ಷಿಯಲ್ಲ. ನಡುಹಗಲಿನ ಬಯಲಿನಲ್ಲಿ ಸುಮಾರು 1 ಲಕ್ಷ ಲಕ್ಸ್ ಬೆಳಕು ಇರುತ್ತದೆ. ದೀಪ ಹಚ್ಚಿದ ದಿವಾನಖಾನೆಯಲ್ಲಿ ಇರುವುದು 150ರಿಂದ 300 ಲಕ್ಸ್. ಎರಡರ ನಡುವೆ ನೂರಾರು ಪಟ್ಟು ಅಂತರವಿದ್ದರೂ ಕಣ್ಣು ತನ್ನನ್ನು ತಾನೇ ಹೊಂದಿಸಿಕೊಳ್ಳುವುದರಿಂದ ಎರಡೂ ಕಡೆ ನಾವು ಪತ್ರಿಕೆ ಓದಬಲ್ಲೆವು. ಗಿಡಕ್ಕೆ ಈ ಸೌಲಭ್ಯವಿಲ್ಲ. ಅದು ಬೆಳಕಿನ ಕಣಗಳನ್ನು, ಅರ್ಥಾತ್ ಫೋಟಾನುಗಳನ್ನು, ಒಂದೊಂದಾಗಿ ಎಣಿಸಿ ಸಕ್ಕರೆಯಾಗಿ ಜಮಾ ಮಾಡಿಕೊಳ್ಳುತ್ತದೆ. ಹಗಲಿರುಳೂ ನಡೆಯುವ ಉಸಿರಾಟಕ್ಕೆ ಅದೇ ಸಕ್ಕರೆಯನ್ನು ಖರ್ಚು ಮಾಡುತ್ತದೆ. ಜಮೆಗಿಂತ ಖರ್ಚು ಹೆಚ್ಚಾದರೆ ಹಳೆಯ ಠೇವಣಿಯಿಂದ ತೆಗೆಯುತ್ತದೆ. ಕೆಳಗಿನ ಎಲೆಗಳು ಹಳದಿಯಾಗಿ ಉದುರುವುದು, ಕಾಂಡ ತೆಳ್ಳಗೆ ಉದ್ದವಾಗಿ ಕಿಟಕಿಯತ್ತ ಬಾಗುವುದು, ಎಲೆಗಳ ನಡುವಿನ ಅಂತರ ಹೆಚ್ಚುವುದು, ಇವೆಲ್ಲವೂ ಠೇವಣಿ ಕರಗುತ್ತಿರುವುದರ ಸೂಚನೆಗಳು. ಗೊಬ್ಬರ ಹಾಕಿದರೆ ಇದು ಸರಿಹೋಗುವುದಿಲ್ಲ.

ಸಸ್ಯಗಳು ಬಳಸುವ ಬೆಳಕು ಮುಖ್ಯವಾಗಿ 400ರಿಂದ 700 ನ್ಯಾನೋಮೀಟರ್ ತರಂಗಾಂತರದ್ದು. ಒಂದು ಚದರ ಮೀಟರಿನ ಮೇಲೆ ಒಂದು ಸೆಕೆಂಡಿನಲ್ಲಿ ಬೀಳುವ ಇಂತಹ ಫೋಟಾನುಗಳನ್ನು ಮೈಕ್ರೋಮೋಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಪ್ರಖರ ಬಿಸಿಲಿನಲ್ಲಿ ಇದು ಸುಮಾರು 2000 ಮುಟ್ಟುತ್ತದೆ. ದಿನವಿಡೀ ಬಿದ್ದ ಒಟ್ಟು ಮೊತ್ತವನ್ನು ಮೋಲ್‌ಗಳಲ್ಲಿ ಹೇಳುತ್ತಾರೆ. ಇದನ್ನು ದಿನದ ಜಮೆ ಎಂದು ಕರೆಯೋಣ. ಲೆಕ್ಕ ಸುಲಭ: ಮೈಕ್ರೋಮೋಲ್ ಸಂಖ್ಯೆಯನ್ನು ಗಂಟೆಗಳಿಂದ ಗುಣಿಸಿ, ಬಂದುದನ್ನು 0.0036ರಿಂದ ಗುಣಿಸಿದರೆ ದಿನದ ಜಮೆ ದೊರೆಯುತ್ತದೆ. ಮನಿಪ್ಲಾಂಟ್, ಹಾವಿನಗಿಡ ಎಂದು ಕರೆಯುವ ಸಾನ್ಸೆವೇರಿಯಾ ಮುಂತಾದ ನೆರಳಿನ ಗಿಡಗಳು 2ರಿಂದ 4 ಮೋಲ್‌ಗಳಲ್ಲಿ ಜೀವನ ಸಾಗಿಸುತ್ತವೆ. ಲೆಟ್ಯೂಸಿನಂತಹ ಸೊಪ್ಪಿಗೆ 12ರಿಂದ 17 ಬೇಕು. ಟೊಮೇಟೊ ಫಲ ಕೊಡಬೇಕಾದರೆ 20ಕ್ಕೂ ಮೇಲೆ. ಕಾಮಕಸ್ತೂರಿ, ತುಳಸಿಯ ವರ್ಗಕ್ಕೆ 12ರ ಆಸುಪಾಸು ಸಿಕ್ಕರೆ ಸಮಾಧಾನ.

ಲಕ್ಸ್ ಅಳೆಯುವ ತಂತ್ರಾಂಶ ಇಂದು ಪ್ರತಿಯೊಂದು ಮೊಬೈಲಿನಲ್ಲಿಯೂ ದೊರೆಯುತ್ತದೆ. ಅದು ಪ್ರಯೋಗಾಲಯದ ನಿಖರತೆಯದ್ದಲ್ಲವಾದರೂ ನಮ್ಮ ಕೆಲಸಕ್ಕೆ ಸಾಕು. ಹಗಲು ಬೆಳಕಾದರೆ ಲಕ್ಸ್ ಸಂಖ್ಯೆಯನ್ನು 54ರಿಂದಲೂ, ಬಿಳಿ ಎಲ್‌ಇಡಿಯಾದರೆ ಸುಮಾರು 70ರಿಂದಲೂ ಭಾಗಿಸಿದರೆ ಮೈಕ್ರೋಮೋಲ್ ಬರುತ್ತದೆ. ನಮ್ಮ ಕಿಟಕಿ ಉತ್ತರಾಭಿಮುಖವಾದುದು. ಅಲ್ಲಿ ಹಗಲಿನ ಸರಾಸರಿ 1500 ಲಕ್ಸ್ ಕಂಡುಬಂತು. 54ರಿಂದ ಭಾಗಿಸಿದರೆ 28. ಹತ್ತು ಗಂಟೆಗೆ ದಿನದ ಜಮೆ 1 ಮೋಲ್. ಹನ್ನೆರಡು ಬೇಕಾದ ಕಡೆ ಒಂದು! ಮುಂಬಯಿ 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕೇ ಸರಿದಿರುತ್ತಾನೆ. ಉತ್ತರದ ಕಿಟಕಿಗೆ ಅದೊಂದೇ ಭಾಗ್ಯದ ಕಾಲ. ಆದರೆ ಅದರ ಬಹುಭಾಗವನ್ನು ಮಳೆಗಾಲದ ಮೋಡ ನುಂಗುತ್ತದೆ, ಉಳಿದುದನ್ನು ಎದುರಿನ ಗೋಪುರ.

ಇನ್ನೊಂದು ಸಂಗತಿಯೂ ಈ ಅಳತೆಯಿಂದಲೇ ಸ್ಪಷ್ಟವಾಯಿತು. ಬೆಳಕು ಕಡಿಮೆಯಾದಾಗ ಗಿಡ ಕುಡಿಯುವ ನೀರೂ ಕಡಿಮೆಯಾಗುತ್ತದೆ. ತಾಯಿಯವರು ಮಾತ್ರ ಬಿಸಿಲಿದ್ದ ಕಾಲದಲ್ಲಿ ಎರೆಯುತ್ತಿದ್ದಂತೆಯೇ ದಿನಕ್ಕೊಂದು ತಂಬಿಗೆ ನೀರನ್ನು ನಿಷ್ಠೆಯಿಂದ ಎರೆಯುತ್ತಿದ್ದರು. ನಾಲ್ಕೂ ಗಿಡಗಳ ಬೇರು ಕೊಳೆತಿದ್ದುದಕ್ಕೆ ಕಾರಣ ಇದು. ಅವರಿಗೆ ಇದನ್ನು ಹೇಳಲು ನಮಗೆ ಮನಸ್ಸಾಗಲಿಲ್ಲ. ತಂಬಿಗೆಯನ್ನು ಬದಲಿಸಿ ಪಂಚಪಾತ್ರೆಯನ್ನು ಇಟ್ಟೆವು.

ಇನ್ನು ದೀಪದ ವಿಚಾರ. ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಬೀರುವ ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲಿ ನಿರ್ಮಿಸಿದರು. 1980ರ ದಶಕದ ಕೊನೆಯಲ್ಲಿ ನಾಸಾ ಸಂಸ್ಥೆಯ ನೆರವಿನಿಂದ ವಿಸ್ಕಾನ್ಸಿನ್‌ನಲ್ಲಿ ನಡೆದ ಪ್ರಯೋಗಗಳು, ಬಾಹ್ಯಾಕಾಶದಲ್ಲಿ ಸೊಪ್ಪು ಬೆಳೆಯಲು ಈ ದೀಪ ಯೋಗ್ಯವೇ ಎಂಬುದನ್ನು ಪರೀಕ್ಷಿಸಿದವು. ಬರಿಯ ಕೆಂಪು ಬೆಳಕಿನಲ್ಲಿ ಗಿಡಗಳು ಸೊರಗಿ ಉದ್ದವಾಗುತ್ತಿದ್ದವು, ಸ್ವಲ್ಪ ನೀಲಿ ಸೇರಿಸಿದಾಗ ಗಿಡ್ಡವಾಗಿ ದೃಢವಾಗುತ್ತಿದ್ದವು. ಆದರೆ ಆಗ ಪ್ರಖರವಾದ ನೀಲಿ ಎಲ್‌ಇಡಿ ಇರಲಿಲ್ಲ. ಅದು ಬಂದುದು 1990ರ ದಶಕದಲ್ಲಿ, ಜಪಾನಿನ ಅಕಸಾಕಿ, ಅಮಾನೊ ಮತ್ತು ನಕಮುರಾ ಅವರ ಪರಿಶ್ರಮದಿಂದ. ಈ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪುರಸ್ಕಾರ ಸಂದಿತು. ಅದರ ಮರುವರ್ಷ, 2015ರ ಆಗಸ್ಟ್‌ನಲ್ಲಿ, ಅಂತರಿಕ್ಷ ನಿಲ್ದಾಣದ ಯಾತ್ರಿಗಳು ಎಲ್‌ಇಡಿ ಬೆಳಕಿನಲ್ಲಿ ಅಲ್ಲಿಯೇ ಬೆಳೆದ ಕೆಂಪು ಲೆಟ್ಯೂಸನ್ನು ಸವಿದರು. ಮನೆಯ ದೀಪಗಳಲ್ಲಿರುವ ಬಿಳಿ ಎಲ್‌ಇಡಿ ಎಂಬುದು ವಾಸ್ತವವಾಗಿ ನೀಲಿ ಎಲ್‌ಇಡಿಯೇ. ಅದರ ಮೇಲಿನ ಹಳದಿ ರಂಜಕದ ಲೇಪ ನೀಲಿಯ ಒಂದಂಶವನ್ನು ಹಸಿರು, ಹಳದಿ, ಕೆಂಪಾಗಿ ಬದಲಿಸುತ್ತದೆ.

ಗಿಡಬೆಳಕೆಂದರೆ ನೇರಳೆ ಬಣ್ಣದ್ದೇ ಆಗಬೇಕೆಂಬ ನಂಬಿಕೆ ಬಹಳಷ್ಟು ಜನರಲ್ಲಿದೆ. ಪತ್ರಹರಿತ್ತು ಕೆಂಪು ಮತ್ತು ನೀಲಿಯನ್ನು ಹೀರಿ ಹಸಿರನ್ನು ಬಿಟ್ಟುಕೊಡುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಎಲೆಯಿಂದ ಬೇರ್ಪಡಿಸಿದ ಪತ್ರಹರಿತ್ತಿನ ದ್ರಾವಣಕ್ಕೆ ಈ ಮಾತು ಸಲ್ಲುತ್ತದೆ. ಇಡಿಯ ಎಲೆಯ ಕಥೆ ಬೇರೆ. 1972ರಲ್ಲಿ ಕೀತ್ ಮೆಕ್‌ಕ್ರೀ ಎಂಬ ವಿಜ್ಞಾನಿ 22 ಬಗೆಯ ಬೆಳೆಗಳ ಎಲೆಗಳನ್ನು ಪರೀಕ್ಷಿಸಿ, ಹಸಿರು ಬೆಳಕಿನಿಂದಲೂ ಗಣನೀಯ ಪ್ರಮಾಣದ ದ್ಯುತಿಸಂಶ್ಲೇಷಣೆ ನಡೆಯುತ್ತದೆಂದು ತೋರಿಸಿದರು. ಎಲೆಯ ಒಳಪದರಗಳಿಗೆ ಇಳಿಯುವಲ್ಲಿ ಹಸಿರು ಬೆಳಕೇ ಮುಂದು. ಆದುದರಿಂದ ಸಾಮಾನ್ಯ ಬಿಳಿ ಬೆಳಕು ಗಿಡಕ್ಕೆ ಧಾರಾಳವಾಗಿ ಒಗ್ಗುತ್ತದೆ. ನೇರಳೆ ಬೆಳಕಿನಲ್ಲಿ ಎಲೆಗಳೆಲ್ಲ ಕಪ್ಪಾಗಿ ಕಾಣುವುದರಿಂದ ರೋಗ, ಕೀಟ, ಹಳದಿತನ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಮನೆಯವರ ಕಣ್ಣಿಗೂ ಅದು ಹಿತವಲ್ಲ. ಅಂತರ್ಜಾಲದ ಮೂಲಕ ನಾವು ಮೊದಲು ತರಿಸಿದ್ದು ಅಂತಹ ಒಂದು ದೀಪವನ್ನೇ. ಎರಡು ದಿನಗಳಲ್ಲಿ ನೆರೆಮನೆಯವರು ಬಂದು, ಒಳಗೇನಾದರೂ ಸೌಂದರ್ಯಾಲಯ ತೆರೆದಿದ್ದೀರಾ ಎಂದು ವಿಚಾರಿಸಿದರು.

ಆ ದೀಪದ ಪೆಟ್ಟಿಗೆಯ ಮೇಲೆ 300 ವಾಟ್ ಎಂದು ಮುದ್ರಿಸಲಾಗಿತ್ತು. ಪ್ಲಗ್ಗಿಗೆ ವಿದ್ಯುತ್ ಅಳೆಯುವ ಮಾಪಕವನ್ನು ಜೋಡಿಸಿ ನೋಡಿದಾಗ ಅದು ಎಳೆಯುತ್ತಿದ್ದುದು 26 ವಾಟ್. ಇದು ಅಪರೂಪದ ಪ್ರಸಂಗವೇನಲ್ಲ. ಹಳೆಯ ಕಾಲದ ದೀಪವೊಂದಕ್ಕೆ ಸಮಾನ ಎಂಬ ನೆಪದಲ್ಲಿ ದೊಡ್ಡ ಸಂಖ್ಯೆಯನ್ನು ಅಚ್ಚು ಹಾಕುವ ರೂಢಿ ಈ ವ್ಯಾಪಾರದಲ್ಲಿ ಬೇರೂರಿದೆ. ಗ್ರಾಹಕರು ಗಮನಿಸಬೇಕಾದ ಅಂಕಿಗಳು ಎರಡು. ದೀಪ ನಿಜವಾಗಿ ಬಳಸುವ ವಿದ್ಯುತ್ತು ಎಷ್ಟು ವಾಟ್ ಎಂಬುದು ಒಂದು. ಪ್ರತಿ ಜೂಲ್ ವಿದ್ಯುತ್ತಿಗೆ ಅದು ಎಷ್ಟು ಮೈಕ್ರೋಮೋಲ್ ಬೆಳಕು ಕೊಡುತ್ತದೆ ಎಂಬುದು ಇನ್ನೊಂದು. ವಾಟ್‌ಗೆ 100 ಲ್ಯೂಮೆನ್ ನೀಡುವ ಸಾಧಾರಣ ಬಿಳಿ ಎಲ್‌ಇಡಿ ಜೂಲ್‌ಗೆ ಸುಮಾರು 1.4 ಮೈಕ್ರೋಮೋಲ್ ಕೊಡುತ್ತದೆ. ಹಸಿರುಮನೆಗಳಲ್ಲಿ ಬಳಕೆಯಲ್ಲಿದ್ದ ಉತ್ತಮ ಸೋಡಿಯಂ ದೀಪಗಳು 1.7ರ ವರೆಗೆ ಕೊಡುತ್ತಿದ್ದವು. ಕೃಷಿಗೆಂದೇ ತಯಾರಾದ ಶ್ರೇಷ್ಠ ಎಲ್‌ಇಡಿಗಳು ಈಗ 3ನ್ನು ದಾಟಿವೆ. ಈ ಎರಡನೆಯ ಅಂಕಿಯನ್ನು ಮುದ್ರಿಸದೆ ಕೇವಲ ಪೂರ್ಣ ವರ್ಣಪಟಲ ಎಂದು ಘೋಷಿಸುವ ದೀಪಕ್ಕೆ ದುಬಾರಿ ಬೆಲೆ ತೆರುವುದು ವ್ಯರ್ಥವೆಂಬುದು ನಮ್ಮ ಅಭಿಪ್ರಾಯ. ಅದಕ್ಕಿಂತ ಬೀದಿಯ ಅಂಗಡಿಯ ಮಾಮೂಲಿ ಬಿಳಿ ದೀಪವೇ ಲೇಸು. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಗಾಗಿ ಸರ್ಕಾರಿ ಸಂಸ್ಥೆ ಸಗಟಾಗಿ ಕೊಂಡ ಎಲ್‌ಇಡಿ ಬಲ್ಬಿನ ದರ 2014ರ 310 ರೂಪಾಯಿಗಳಿಂದ 2016ರಲ್ಲಿ 38 ರೂಪಾಯಿಗಳಿಗೆ ಇಳಿದುದನ್ನು ಇಲ್ಲಿ ಸ್ಮರಿಸಬಹುದು. ಬಡವರ ಮನೆಯನ್ನು ಬೆಳಗಿದ ಆ ದೀಪವೇ ಗಿಡಕ್ಕೂ ಆದೀತು.

ಈಗ ನಮ್ಮ ಮನೆಯ ಲೆಕ್ಕ. ಕಿಟಕಿಯ ಕಟ್ಟೆ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಅಂದರೆ 0.18 ಚದರ ಮೀಟರ್. ತಲಾ 10 ವಾಟಿನ, ಎರಡು ಅಡಿ ಉದ್ದದ ನಾಲ್ಕು ಬಿಳಿ ಎಲ್‌ಇಡಿ ಪಟ್ಟಿದೀಪಗಳನ್ನು ಹಲಗೆಯೊಂದಕ್ಕೆ ಜೋಡಿಸಿ ಗಿಡದ ನೆತ್ತಿಯಿಂದ ಸುಮಾರು ಒಂದಡಿ ಎತ್ತರದಲ್ಲಿ ತೂಗುಹಾಕಿದೆವು. 40 ವಾಟ್, ವಾಟ್‌ಗೆ 100 ಲ್ಯೂಮೆನ್, ಒಟ್ಟು 4000 ಲ್ಯೂಮೆನ್. 70ರಿಂದ ಭಾಗಿಸಿದರೆ ಸೆಕೆಂಡಿಗೆ 57 ಮೈಕ್ರೋಮೋಲ್. ಇದರಲ್ಲಿ ಶೇಕಡಾ 60 ಮಾತ್ರ ಕಟ್ಟೆಯ ಮೇಲೆ ಬೀಳುತ್ತದೆಂದು ಹಿಡಿದರೆ 34. ಅದನ್ನು 0.18ರಿಂದ ಭಾಗಿಸಿದರೆ ಚದರ ಮೀಟರಿಗೆ 190ರ ಹತ್ತಿರ. ದಿನಕ್ಕೆ 12 ಗಂಟೆ ಉರಿಸಿದರೆ ಜಮೆ 8 ಮೋಲ್. ಕಿಟಕಿಯಿಂದ ಬರುವ 1 ಸೇರಿ 9. ಹನ್ನೆರಡನ್ನು ಮುಟ್ಟಲಿಲ್ಲ ನಿಜ. ಆದರೆ ಸಾಯುವುದಕ್ಕೂ ಬೆಳೆಯುವುದಕ್ಕೂ ನಡುವಿನ ಗೆರೆಯನ್ನು ದಾಟಿತು. ಖರ್ಚು ದಿನಕ್ಕೆ ಅರ್ಧ ಯೂನಿಟ್ಟಿಗೂ ತುಸು ಕಡಿಮೆ, ತಿಂಗಳಿಗೆ 14.4 ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯಂತೆ ತಿಂಗಳಿಗೆ 115 ರೂಪಾಯಿ. ಇದೇ ಲೆಕ್ಕದಲ್ಲಿ, ಮೇಲೆ ಒಂದು ಪ್ರತಿಫಲಕ ಮುಚ್ಚಳವಿರುವ 9 ವಾಟಿನ ಬಲ್ಬು ಒಂದು ಮನಿಪ್ಲಾಂಟಿನ ಪೋಷಣೆಗೆ ಸಾಕು. ಅದರ ತಿಂಗಳ ಖರ್ಚು 26 ರೂಪಾಯಿ. ಕರಿಬೇವಿನ ಆಸೆ ಮಾತ್ರ ನಮಗೆ ಕೈಗೂಡಲಿಲ್ಲ. ಅದು ಬಯಲಿನ ಮರ, ಅದಕ್ಕೆ ಬೇಕಾದ ಬೆಳಕನ್ನು ಹಣ ತೆತ್ತು ಕೊಡುವುದಕ್ಕಿಂತ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುವುದು ವಾಸಿ.

ದೀಪದ ಎತ್ತರ ಬಹು ಮುಖ್ಯ. ಒಂದೇ ಬಲ್ಬನ್ನು ಒಂದಡಿಯಿಂದ ಎರಡಡಿಗೆ ಏರಿಸಿದರೆ ಗಿಡಕ್ಕೆ ಸಿಗುವ ಬೆಳಕು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಛಾವಣಿಯ ದೀಪದಿಂದ ಮೂಲೆಯ ಗಿಡಕ್ಕೆ ಏನೂ ದಕ್ಕದಿರುವುದಕ್ಕೆ ಇದೇ ಕಾರಣ. ಹಾಗೆಂದು ನೆರಳಿನಲ್ಲಿ ಬೆಳೆದ ಗಿಡವನ್ನು ಒಮ್ಮೆಲೇ ಪ್ರಖರ ಬೆಳಕಿಗೆ ಒಡ್ಡಿದರೆ ಎಲೆ ಬಿಳಿಚಿ ಸುಡುತ್ತದೆ. ಮೊದಲ ವಾರ ನಾಲ್ಕೈದು ಗಂಟೆ, ಬಳಿಕ ಕ್ರಮೇಣ ಹೆಚ್ಚಿಸಬೇಕು. ಇಪ್ಪತ್ತನಾಲ್ಕು ಗಂಟೆಯೂ ಉರಿಸಿದರೆ ಬೇಗ ಬೆಳೆಯುತ್ತದೆಂಬುದು ಭ್ರಮೆ. ನಿರಂತರ ಬೆಳಕಿನಲ್ಲಿ ಟೊಮೇಟೊದಂತಹ ಗಿಡಗಳ ಎಲೆ ಹಳದಿಯಾಗುತ್ತದೆ. ಎಲ್‌ಇಡಿ ತಣ್ಣನೆಯ ದೀಪವೆಂಬ ಮಾತೂ ಅರ್ಧ ಸತ್ಯ. ಬೆಳಕಿನಲ್ಲಿ ತಾಪ ಕಡಿಮೆಯಾದರೂ ದೀಪದ ಬೆನ್ನು ಬಿಸಿಯಾಗುತ್ತದೆ, ಅದಕ್ಕೆ ಗಾಳಿಯಾಡಬೇಕು. ನೀರು ಚಿಮುಕಿಸುವ ಸ್ಥಳವಾದುದರಿಂದ ಭೂಸಂಪರ್ಕವಿರುವ ಪ್ಲಗ್, ನೀರು ಹೊಗದ ಐಪಿ65 ದರ್ಜೆಯ ದೀಪವಾದರೆ ಕ್ಷೇಮ. ವಯರು ಕುಂಡಕ್ಕಿಂತ ಕೆಳಗೆ ಒಂದು ಬಳಸು ತಿರುಗಿ ಪ್ಲಗ್ಗಿಗೆ ಏರಬೇಕು. ಜಾರಿದ ಹನಿ ಅಲ್ಲಿಯೇ ತೊಟ್ಟಿಕ್ಕುತ್ತದೆ.

ಹಸಿರುಮನೆಗಳ ವಿಚಾರವನ್ನೂ ಹೇಳದಿದ್ದರೆ ಲೇಖನ ಅಪೂರ್ಣ. ನೆದರ್ಲೆಂಡಿನ ಚಳಿಗಾಲದಲ್ಲಿ ಹೊರಗಿನ ದಿನದ ಜಮೆಯೇ 5 ಮೋಲ್‌ಗಳ ಸುತ್ತ ಇರುವುದರಿಂದ ಅಲ್ಲಿನ ಟೊಮೇಟೊ, ಗುಲಾಬಿ ಬೆಳೆಗಾರರು ಕೃತಕ ಬೆಳಕನ್ನು ಆಹಾರವಾಗಿ ಉಣಿಸುತ್ತಾರೆ. 2022ರಲ್ಲಿ ಇಂಧನದ ಬೆಲೆ ಏರಿದಾಗ ಅವರಲ್ಲಿ ಅನೇಕರು ದೀಪಗಳನ್ನು ಆರಿಸಿಬಿಟ್ಟರು. ಸೂರ್ಯನನ್ನು ಸಂಪೂರ್ಣ ಹೊರಗಿಟ್ಟು ಎಲ್‌ಇಡಿಯಲ್ಲಿಯೇ ಸೊಪ್ಪು ಬೆಳೆಯುತ್ತಿದ್ದ ಅಮೆರಿಕದ ಏರೋಫಾರ್ಮ್ಸ್ ಸಂಸ್ಥೆ 2023ರ ಜೂನ್‌ನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಸಲ್ಲಿಸಿತು. ಸಾಲದ ಅರ್ಜಿಗಳನ್ನು ಪರಿಶೀಲಿಸಿ ರೂಢಿಯಾದ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಉಚಿತವಾಗಿ ದೊರೆಯುವ ಕಚ್ಚಾವಸ್ತುವನ್ನು ಬಿಟ್ಟು ಅದನ್ನೇ ಕೊಂಡು ತರುವ ಉದ್ಯಮಕ್ಕೆ ಮಾರಾಟದ ಬೆಲೆ ಬಹಳ ಹೆಚ್ಚಿರಬೇಕು.

ನಮ್ಮ ದೇಶದ ಪಾಲಿಹೌಸುಗಳಲ್ಲಿ ಬಿಸಿಲಿಗೆ ಬರವಿಲ್ಲ. ಆದರೂ ಪುಣೆಯ ಬಳಿಯ ತಳೇಗಾಂವ್, ಬೆಂಗಳೂರು, ಹೊಸೂರು ಪರಿಸರದ ಸೇವಂತಿಗೆ ಬೆಳೆಗಾರರು ರಾತ್ರಿ ದೀಪ ಉರಿಸುತ್ತಾರೆ. ಇದು ಆಹಾರವಲ್ಲ, ಸಂಕೇತ. ಸೇವಂತಿಗೆ ದೀರ್ಘ ರಾತ್ರಿಗಳನ್ನು ಎಣಿಸಿ ಹೂ ಬಿಡುವ ಗಿಡ. ಹಗಲಿರುಳಿನ ಉದ್ದವೇ ಹೂವನ್ನು ನಿರ್ಣಯಿಸುತ್ತದೆಂದು ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ತಂಬಾಕಿನ ಗಿಡದ ಅಧ್ಯಯನದಿಂದ ತಿಳಿಸಿದ್ದರು. ನಡುರಾತ್ರಿಯ ಸುಮಾರಿಗೆ ಮೂರು ನಾಲ್ಕು ಗಂಟೆ 100 ಲಕ್ಸ್‌ನಷ್ಟು ಕ್ಷೀಣ ಬೆಳಕು ಬಿದ್ದರೂ, ಅದರಲ್ಲಿನ ಕೆಂಪು ಕಿರಣಗಳನ್ನು ಎಲೆಯ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಗ್ರಹಿಸಿ, ರಾತ್ರಿ ತುಂಡಾಯಿತೆಂದು ಗಿಡ ಭಾವಿಸುತ್ತದೆ. ಹೂ ಬಿಡದೆ ಕಾಂಡವನ್ನು ಬೆಳೆಸುತ್ತದೆ. ದಂಟು ಬೇಕಾದಷ್ಟು ಉದ್ದವಾದ ಮೇಲೆ ದೀಪ ನಿಲ್ಲಿಸಿ ಹೂವಿಗೆ ಬಿಡುತ್ತಾರೆ. ಡ್ರ್ಯಾಗನ್ ಹಣ್ಣಿನದು ಇದಕ್ಕೆ ವಿರುದ್ಧ ಸ್ವಭಾವ. ಅದಕ್ಕೆ ಮೊಗ್ಗು ಬರುವುದು ದೀರ್ಘ ಹಗಲಿನಲ್ಲಿ. ವಿಯೆಟ್ನಾಮಿನ ರೈತರು ಚಳಿಗಾಲದ ರಾತ್ರಿಗಳಲ್ಲಿ ತೋಟಕ್ಕೆ ದೀಪ ಹಚ್ಚಿ ಅಕಾಲದಲ್ಲಿ ಹಣ್ಣು ಪಡೆಯುವ ಕ್ರಮ ನಮ್ಮ ದೇಶದ ತೋಟಗಳಿಗೂ ಬಂದಿದೆ. ಬಾಲ್ಕನಿಯ ಸೇವಂತಿಗೆ ಬೀದಿದೀಪದ ಬೆಳಕಿನಿಂದಾಗಿ ಹೂ ಬಿಡದಿರುವ ಸಾಧ್ಯತೆಯನ್ನು ಓದುಗ ಮಿತ್ರರು ಪರಿಶೀಲಿಸಬಹುದು; ಸಂಜೆ ಒಂದು ದಪ್ಪ ಬಟ್ಟೆಯ ಮರೆ ಕಟ್ಟಿದರೆ ಉತ್ತರ ಸಿಗುತ್ತದೆ.

ನಮ್ಮ ಐದನೆಯ ತುಳಸಿಗೆ ಈಗ ಹದಿನಾಲ್ಕು ತಿಂಗಳು. ಎಲೆ ಊರಿನ ಗಿಡದಷ್ಟು ದಪ್ಪವಿಲ್ಲವೆಂದು ತಾಯಿಯವರು ಆಗಾಗ ಹೇಳುತ್ತಾರೆ, ಅದು ನಿಜವೂ ಹೌದು. ಕದಿರು ಬಂದು ಬೀಜ ಕಟ್ಟಿದೆ, ಪೊಟ್ಟಣ ತುಂಬಿದೆ. ದೀಪಗಳಿಗೆ ಗಡಿಯಾರದ ಟೈಮರ್ ಜೋಡಿಸಿದ್ದೇವೆ. ಬೆಳಗ್ಗೆ 7ಕ್ಕೆ ಹತ್ತಿ ಸಂಜೆ 7ಕ್ಕೆ ಆರುತ್ತವೆ. 6ಕ್ಕೇ ಹತ್ತಿಸಬೇಕೆಂದು ನಾವು ಮೊದಲು ಯೋಚಿಸಿದ್ದೆವು. ಆದರೆ ತಾಯಿಯವರು ಗಿಡದ ಮುಂದೆ ಎಣ್ಣೆದೀಪ ಹಚ್ಚುವುದು ಬೆಳಗಿನ ಆರೂವರೆಗೆ ಮತ್ತು ಮುಸ್ಸಂಜೆ ಏಳರ ಮೇಲೆ; ಆ ಹೊತ್ತಿನಲ್ಲಿ ಬೇರೆ ಬೆಳಕು ಉರಿಯಕೂಡದೆಂಬುದು ಅವರ ಷರತ್ತು.